ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ: ಮಕ್ಕಳ ಜೊತೆ ಸರ್ವಾಧಿಕಾರದ ಕಾಲದ ಕಾದಂಬರಿ ಓದುವವರು ಇದ್ದೀರಾ?

ಕಾಫಿಕಣ (ಮಡಿಕೇರಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾವು ಹೆಚ್ಚಾಗಿ ಬರೆಯೋದು ಕರಿಮೆಣಸಿನ ರೇಟು, ಆನೆ ಎಲ್ಲಿದೆ, ಯಾವ ರಸ್ತೆ ಕುಸಿದಿದೆ ಇಷ್ಟೇ. ಇವತ್ತು ಸ್ವಲ್ಪ ಬೇರೆ ವಿಷಯ.

ಕಕ್ಕಡ ತಿಂಗಳ ಮಳೆ. ಮೂರು ದಿನದಿಂದ ಕರೆಂಟ್ ಇಲ್ಲ. ಮಕ್ಕಳ ಫೋನೆಲ್ಲ ಸತ್ತು ಬಿದ್ದಿದ್ದವು. ಇದೇ ಸಮಯ ಅಂತ ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಆರು ಮಕ್ಕಳನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಒಂದು ಕಾದಂಬರಿ ಓದಲು ಶುರು ಮಾಡಿದೆ. ಮಕ್ಕಳ ವಯಸ್ಸು 13ರಿಂದ 16. ಪುಸ್ತಕ ಇಂಗ್ಲಿಷಿನದು. ಎಲ್ಲರಿಗೂ ಇಂಗ್ಲಿಷ್ ಅಷ್ಟು ಸಲೀಸಲ್ಲ. ಹಾಗಾಗಿ ಒಂದು ಪುಟ ಓದುತ್ತೇನೆ, ಆಮೇಲೆ ಕಥೆ ಹೇಳಿದ ಹಾಗೆ ಕನ್ನಡದಲ್ಲಿ ಹೇಳುತ್ತೇನೆ.

ಜರ್ಮನಿ, 1933. ಹಿಟ್ಲರ್ ಆಗಷ್ಟೇ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ ಆಗಿದ್ದಾನೆ. ಯುದ್ಧ ಇನ್ನೂ ಇಲ್ಲ, ಗ್ಯಾಸ್ ಚೇಂಬರ್ ಇಲ್ಲ. ಒಬ್ಬ ಹುಡುಗ, ಅವನ ಶಾಲೆ, ಅವನ ಬೀದಿ, ಅಷ್ಟೇ. ಏಪ್ರಿಲ್ 1ನೇ ತಾರೀಕು, ಶನಿವಾರ. ಬೀದಿಯ ಯೆಹೂದಿ ಅಂಗಡಿಯ ಮುಂದೆ ಸಮವಸ್ತ್ರದವರು ಬೋರ್ಡು ಹಿಡಿದು ನಿಂತಿದ್ದಾರೆ. ಇಲ್ಲಿ ಏನೂ ಕೊಳ್ಳಬೇಡಿ ಅಂತ. ಹುಡುಗ ಚಿಕ್ಕಂದಿನಿಂದ ಪೆಪ್ಪರ್‌ಮೆಂಟ್ ತಿಂದ ಅಂಗಡಿ ಅದು. ಮನೆಗೆ ಬಂದು ಅಪ್ಪನಿಗೆ ಹೇಳುತ್ತಾನೆ. ಅಪ್ಪ ಕೆಟ್ಟವನೇನಲ್ಲ. ಊಟ ಮಾಡುತ್ತಾ, ತಲೆ ಎತ್ತದೆ ಒಂದು ಮಾತು ಹೇಳುತ್ತಾನೆ. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದು ಹೀಗೆ: "ನಮಗ್ಯಾಕೆ ಊರ ಉಸಾಬರಿ."

ನನ್ನ ಮಗಳಿಗೆ 14. ತಕ್ಷಣ, "ಅಪ್ಪಾ, ಇದು ನೀವು ಹೇಳೋ ಮಾತಲ್ವಾ?" ಅಂದಳು.

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಓದು ಅಲ್ಲಿಗೇ ನಿಂತಿತು. ಹಲಸಿನ ಹಪ್ಪಳ ಕರಿಸಿ ಆ ದಿನದ್ದು ಮುಗಿಸಿಬಿಟ್ಟೆ.

ಈ ವಯಸ್ಸಿಗೆ ಇಂಥ ಪುಸ್ತಕ ಜಾಸ್ತಿ ಆಯಿತಾ? ಅವಳಿಗೆ ಏನು ಹೇಳಲಿ? ಓದಿದವರು, ಓದಿಸಿದವರು ಯಾರಾದರೂ ಹೇಳಿ.

---

ಪೇಪರ್‌ಹುಳ

ಪುಸ್ತಕದ ಹೆಸರು ಹಾಕಿ ಮಾರಾಯ್ರೆ.

---

ಕಾಫಿಕಣ

ಮೆಸೇಜ್ ಮಾಡಿದ್ದೇನೆ. ಇಲ್ಲಿ ಹಾಕಿದರೆ ಆ ಮಕ್ಕಳಲ್ಲಿ ಒಬ್ಬರಾದರೂ ನೆಟ್ಟಲ್ಲಿ ಹುಡುಕಿ ಕೊನೆ ಓದಿಬಿಡುತ್ತಾರೆ.

---

ಗೋಣಿಕೊಪ್ಪ ಟೀಚರ್

ವಯಸ್ಸಿನ ಬಗ್ಗೆ ಮೊದಲು ಹೇಳುತ್ತೇನೆ. 13 ಚಿಕ್ಕದಲ್ಲ. ಹೈಸ್ಕೂಲಿನ ಸಮಾಜ ವಿಜ್ಞಾನಕ್ಕೆ ಬಂದಾಗ ಹೇಗೂ ಹಿಟ್ಲರ್ ಬರುತ್ತಾನೆ. ಆದರೆ ಅಲ್ಲಿ ಅವನು ಮೀಸೆ ಮತ್ತು ಇಸವಿ ಮಾತ್ರ. ಐದು ಅಂಕದ ಪ್ರಶ್ನೆ, ಹತ್ತು ಸಾಲಿನ ಉತ್ತರ. ಅವನು ಸೋತ ಅಂತ ಗೊತ್ತಿದ್ದೇ ಮಕ್ಕಳು ಓದುತ್ತಾರೆ. ಕಾದಂಬರಿಯ ಲಾಭ ಏನೆಂದರೆ, ಅದರೊಳಗಿನ ಹುಡುಗನಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ.

ನಾನು ಇಂಥವು ಸುಮಾರು ಓದಿದ್ದೇನೆ. ಒಂದು ದೂರಿದೆ. ಅರ್ಧಕ್ಕರ್ಧ ಪುಸ್ತಕಗಳಲ್ಲಿ ನಾಯಕ ಅಥವಾ ನಾಯಕಿ ಮೊದಲ ಪುಟದಿಂದಲೇ ಸರಿ. ಊರೆಲ್ಲ ಮರುಳಾದರೂ ಆ ಹುಡುಗಿ ಮಾತ್ರ ಮರುಳಾಗುವುದಿಲ್ಲ. ಮಕ್ಕಳು ಓದುತ್ತಾ ತಮ್ಮನ್ನು ಅವಳ ಜಾಗದಲ್ಲಿ ಇಟ್ಟುಕೊಂಡು ಖುಷಿಯಾಗಿ ಮಲಗುತ್ತಾರೆ. ನಿಜ ಹಾಗಿರಲಿಲ್ಲ. ಮ್ಯೂನಿಕ್‌ನಲ್ಲಿ ಹಿಟ್ಲರನ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿಯಲ್ಲಿ ಸೋಫಿ ಶೋಲ್ ಮತ್ತು ಅವಳ ಅಣ್ಣ ಹ್ಯಾನ್ಸ್‌ನ ತಲೆ ಕಡಿದರು. ಅವಳಿಗೆ 21. ಅವರಿಬ್ಬರೂ ಚಿಕ್ಕವರಿದ್ದಾಗ ಹಿಟ್ಲರನ ಯುವ ಸಂಘಟನೆಗೆ ಇಷ್ಟಪಟ್ಟೇ ಸೇರಿದ್ದರು. ಅಪ್ಪ ಬೇಡ ಅಂದರೂ ಸೇರಿದ್ದರು! ಕ್ಯಾಂಪು, ಹಾಡು, ಬೆಂಕಿ ಸುತ್ತ ಕೂರುವುದು, ಗೆಳೆಯರು. ಯಾವ ಮಗುವಿಗೆ ಬೇಡ ಹೇಳಿ.

1933ರ ಕೊನೆಗೆ ಆ ಸಂಘಟನೆಯಲ್ಲಿ 20 ಲಕ್ಷ ಮಕ್ಕಳಿದ್ದರು. ಸೇರಲೇಬೇಕು ಅಂತ ಕಾನೂನು ಬಿಗಿಯಾದದ್ದು 1939ರಲ್ಲಿ. ಅಂದರೆ ಒತ್ತಾಯ ಬರುವ ಮೊದಲೇ ಹೆಚ್ಚಿನವರು ಸೇರಿ ಆಗಿತ್ತು.

ಆ ಸಿಹಿಯನ್ನು ತೋರಿಸದ ಪುಸ್ತಕ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮ್ಮ ಪುಸ್ತಕದ ಹುಡುಗ ಹೇಗೆ? ಸಮವಸ್ತ್ರ ಬೇಕು ಅಂತ ಹಟ ಮಾಡುತ್ತಾನಾ?

---

ಕಾಫಿಕಣ

ಮಾಡುತ್ತಾನೆ ಮೇಡಂ. ಅದೇ ಕಷ್ಟ. ಇಲ್ಲಿ ಕೂತ ಮಕ್ಕಳಲ್ಲಿ ಇಬ್ಬರು, "ಅದರಲ್ಲಿ ತಪ್ಪೇನು?" ಅಂದರು. ಒಬ್ಬನ ಅಪ್ಪ ಸೈನ್ಯದಲ್ಲಿ, ಇನ್ನೊಬ್ಬನ ಅಜ್ಜ ಸೈನ್ಯದಲ್ಲಿ. ನಮ್ಮ ಊರಲ್ಲಿ ಸಮವಸ್ತ್ರ ಅಂದರೆ ಗೋಡೆ ಮೇಲಿನ ಫೋಟೋ, ಅದಕ್ಕೊಂದು ಹಾರ. ಅದು ಕೆಟ್ಟದ್ದೂ ಆಗಬಹುದು ಅಂತ ಹೇಳೋದು ಹೇಗೆ?

---

ಪೇಪರ್‌ಹುಳ

ಟೀಚರ್, ಒಂದು ತಿದ್ದುಪಡಿ. ಆ 20 ಲಕ್ಷ ಪೂರ್ತಿ ಸ್ವಂತ ಇಷ್ಟದಿಂದ ಬಂದದ್ದಲ್ಲ. 1933ರಲ್ಲೇ ಬೇರೆ ಯುವಕ ಸಂಘಗಳನ್ನು ಒಂದೊಂದಾಗಿ ಮುಚ್ಚಿಸಿದರು, ಇಲ್ಲವೇ ಇದರೊಳಗೆ ಸೇರಿಸಿದರು. ಆಡಲು ಬೇರೆ ಮೈದಾನವೇ ಇರಲಿಲ್ಲ.

---

ಗೋಣಿಕೊಪ್ಪ ಟೀಚರ್

ಒಪ್ಪಿದೆ. ಅದನ್ನು ಸೇರಿಸಿ ಹೇಳಬೇಕಿತ್ತು.

---

ಮಾಜಿ ಸುಬೇದಾರ್

ಕಾಫಿಕಣ ಅವರೇ, ಸಮವಸ್ತ್ರದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇದು ನಮ್ಮ ಕ್ಷೇತ್ರ.

1934ರ ಆಗಸ್ಟ್ 2ರಂದು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡ. ಅದೇ ದಿನ ಅಲ್ಲಿನ ಸೈನಿಕರಿಗೆ ಹೊಸ ಪ್ರಮಾಣವಚನ ಬಂತು. ದೇಶಕ್ಕೆ ಅಲ್ಲ, ಸಂವಿಧಾನಕ್ಕೆ ಅಲ್ಲ, ಹಿಟ್ಲರ್ ಅನ್ನುವ ಒಬ್ಬ ಮನುಷ್ಯನ ಹೆಸರು ಹಿಡಿದು ವಿಧೇಯನಾಗಿರುತ್ತೇನೆ ಅಂತ. ಆಮೇಲೆ ಎಷ್ಟೋ ಅಧಿಕಾರಿಗಳು, ತಪ್ಪು ಅಂತ ಗೊತ್ತಿತ್ತು, ಆದರೆ ಪ್ರಮಾಣ ಮಾಡಿದ್ದೆವಲ್ಲ ಅಂತ ಹೇಳಿಕೊಂಡರು.

ನಾನು 18ನೇ ವಯಸ್ಸಿನಲ್ಲಿ ಪ್ರಮಾಣ ಮಾಡಿದ್ದು ಭಾರತದ ಸಂವಿಧಾನಕ್ಕೆ. ಯಾವ ಪ್ರಧಾನಿಯ ಹೆಸರೂ ಅದರಲ್ಲಿರಲಿಲ್ಲ. ಕಾರ್ಯಪ್ಪನವರು, ತಿಮ್ಮಯ್ಯನವರು ಸೇನೆಯ ಮುಖ್ಯಸ್ಥರಾಗಿದ್ದವರು. ಮನಸ್ಸು ಮಾಡಿದ್ದರೆ ಪಕ್ಕದ ದೇಶಗಳಲ್ಲಿ ಆದ ಹಾಗೆ ಇಲ್ಲಿಯೂ ಸೇನೆಯ ಆಳ್ವಿಕೆ ಆಗಬಹುದಿತ್ತೋ ಏನೋ. ಅವಧಿ ಮುಗಿಯಿತು, ಮನೆಗೆ ಬಂದರು. ಮಕ್ಕಳನ್ನು ಮಡಿಕೇರಿಯ ಸನ್ನಿಸೈಡ್‌ಗೆ ಕರೆದುಕೊಂಡು ಹೋಗಿ. ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ. ಅಲ್ಲಿ ನಿಂತು ಈ ಪ್ರಮಾಣವಚನದ ಕಥೆ ಹೇಳಿ. ಸಮವಸ್ತ್ರ ತಪ್ಪಲ್ಲ. ಯಾರಿಗೆ ಸೆಲ್ಯೂಟ್ ಹೊಡೆಯುತ್ತೀರಿ ಅನ್ನುವುದು ನೋಡಬೇಕು.

ನಮ್ಮ ಅಜ್ಜ ಬರ್ಮಾ ಯುದ್ಧದಲ್ಲಿದ್ದವರು. ಅವರು ಯುದ್ಧದ ಕಥೆ ಹೇಳಿದ್ದೇ ಇಲ್ಲ. ಬರೀ ಸೊಳ್ಳೆಯ ಕಥೆ ಹೇಳುತ್ತಿದ್ದರು.

---

ಹಾಲೇರಿ ಪಕ್ಕದವನು

ಎಲ್ಲ ಸರಿ. ಆದರೆ ಜರ್ಮನಿಗೆ ಯಾಕೆ ಹೋಗಬೇಕು? ನಮ್ಮ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇದ್ದಾನಲ್ಲ. ಮಾಸ್ತಿಯವರು ಅವನ ಮೇಲೆ ಒಂದು ದೊಡ್ಡ ಕಾದಂಬರಿಯನ್ನೇ ಬರೆದಿದ್ದಾರೆ, ಅವರಿಗೆ 1983ರ ಜ್ಞಾನಪೀಠ ಬಂದಾಗ ಎಲ್ಲರ ಬಾಯಲ್ಲೂ ಅದೇ ಹೆಸರಿತ್ತು. ಇಲ್ಲೇ ಮಡಿಕೇರಿ ಕೋಟೆ, ಅರಮನೆ, ಗದ್ದುಗೆ. ಕಥೆ ಓದಿ, ಎದ್ದು ಹೋಗಿ ಜಾಗ ನೋಡಿ ಬರಬಹುದು. ಪೆಟ್ರೋಲ್ ಕೂಡ ಉಳಿಯುತ್ತೆ.

---

ಗೋಣಿಕೊಪ್ಪ ಟೀಚರ್

ಮಾಸ್ತಿಯವರದ್ದನ್ನು ಖಂಡಿತ ಓದಿಸಬೇಕು. ಆದರೆ ಅದು ಬೇರೆ ಥರದ ಕಥೆ. ಅವನು ಹುಟ್ಟಿನಿಂದ ರಾಜ. ಪಟ್ಟ ಅಪ್ಪನಿಂದ ಬಂತು. ಜನರ ಮುಂದಿದ್ದ ಪ್ರಶ್ನೆ, ಈ ದೊರೆಯನ್ನು ಸಹಿಸಬೇಕೋ ಬೇಡವೋ ಅನ್ನುವುದು. ಕೊನೆಗೆ 1834ರಲ್ಲಿ ಬ್ರಿಟಿಷರು ಬಂದು ಇಳಿಸಿದರು, ಇಳಿಸಿದವರು ಎದ್ದು ಹೋಗಲಿಲ್ಲ. ಮೂರೇ ವರ್ಷಕ್ಕೆ, 1837ರಲ್ಲಿ ಬ್ರಿಟಿಷರ ವಿರುದ್ಧ ಅಮರ ಸುಳ್ಯದ ದಂಗೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ದೊರೆ ಹೋದ ಮೇಲೆ ಬಂದವರು ಯಾರು ಅನ್ನುವುದಕ್ಕೆ ಅದು ಒಳ್ಳೆ ಪಾಠ.

ಇವರ ಪುಸ್ತಕದಲ್ಲಿರುವುದು ಏರುತ್ತಿರುವ ಸರ್ವಾಧಿಕಾರ. ಚುನಾವಣೆ, ಪತ್ರಿಕೆ, ಕೋರ್ಟು ಎಲ್ಲ ಇದ್ದ ದೇಶದಲ್ಲಿ ಒಂದೊಂದೇ ಮೆಟ್ಟಿಲು. 1933ರ ಜನವರಿ 30ಕ್ಕೆ ಚಾನ್ಸಲರ್. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ, ಮರುದಿನವೇ ಜನರ ಹಕ್ಕುಗಳು ರದ್ದು. ಮಾರ್ಚ್ 23ಕ್ಕೆ ಸಂಸತ್ತೇ ತನ್ನ ಅಧಿಕಾರವನ್ನು ಅವನ ಕೈಗೆ ಕೊಟ್ಟಿತು, ಪರ 444, ವಿರುದ್ಧ 94. ಮೇ 10ಕ್ಕೆ ಬರ್ಲಿನ್‌ನಲ್ಲಿ ಪುಸ್ತಕ ಸುಟ್ಟರು, ಸುಟ್ಟವರಲ್ಲಿ ವಿದ್ಯಾರ್ಥಿಗಳೇ ಮುಂದೆ. ನಾಲ್ಕು ತಿಂಗಳೂ ಆಗಿರಲಿಲ್ಲ. ಕಾಫಿ ಹೂ ಬಿಟ್ಟು ಕಾಯಿ ಕಟ್ಟುವಷ್ಟರಲ್ಲಿ ಮುಗಿಯಿತು ಅಂದುಕೊಳ್ಳಿ.

---

ಹಾಲೇರಿ ಪಕ್ಕದವನು

ಹೌದಪ್ಪ, ಜನರೇ ಓಟು ಹಾಕಿ ತಂದರು ಅನ್ನಿ.

---

ಪೇಪರ್‌ಹುಳ

ಹಾಗೂ ಪೂರ್ತಿ ಅನ್ನೋಕಾಗಲ್ಲ. 1932ರ ನವೆಂಬರ್ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದದ್ದು ಶೇ. 33. ಅದಕ್ಕಿಂತ ಮುಂಚಿನ ಜುಲೈನಲ್ಲಿ 37 ಇತ್ತು, ಅಂದರೆ ಇಳಿದಿತ್ತು. ಕುರ್ಚಿಗೆ ಕರೆದು ಕೂರಿಸಿದವರು ಅಧ್ಯಕ್ಷ ಮತ್ತು ಅವನ ಸುತ್ತಲಿನ ದೊಡ್ಡ ಮನುಷ್ಯರು. ಇವನನ್ನು ನಾವು ಆಡಿಸಬಹುದು ಅಂದುಕೊಂಡಿದ್ದರು.

---

ಅಡ್ಮಿನ್

ಈಗಿನ ಪಕ್ಷಗಳ ಹೆಸರು ಎಳೆದು ತಂದ ಎರಡು ಕಾಮೆಂಟ್ ತೆಗೆದಿದ್ದೇನೆ. ಪುಸ್ತಕದ ಬಗ್ಗೆ ಮಾತಾಡಿ.

---

ಹಾಲೇರಿ ಪಕ್ಕದವನು

ನೋಡಿ, ಇಲ್ಲೇ ಶುರುವಾಯ್ತು. ಮೊದಲು ಎರಡು ಕಾಮೆಂಟ್.

---

ಅಡ್ಮಿನ್

ಅದರಲ್ಲಿ ಒಂದು ನಿಮ್ಮದೇ ಅಣ್ಣ.

---

ಹೊಳೆಯಾಚೆ (ಕುಶಾಲನಗರ)

ನಾನು ಮೊದಲು ಓದಿದ ಇಂಥ ಪುಸ್ತಕ ಜುಡಿತ್ ಕೆರ್ ಅವರದ್ದು. 1971ರಲ್ಲಿ ಬಂದದ್ದು, ಗುಲಾಬಿ ಮೊಲದ ಗೊಂಬೆಯ ಕಥೆ. ಅದರಲ್ಲಿ ಹೆಚ್ಚಿನದು ಅವರದೇ ಬಾಲ್ಯ. 1933ರಲ್ಲಿ ಒಂಬತ್ತು ವರ್ಷದವರಿದ್ದಾಗ ಮನೆಮಂದಿ ಬರ್ಲಿನ್ ಬಿಟ್ಟು ಓಡಬೇಕಾಯಿತು. ಅಪ್ಪ ಹಿಟ್ಲರನ ವಿರುದ್ಧ ಬರೆಯುತ್ತಿದ್ದ ವಿಮರ್ಶಕ. ಎರಡರಲ್ಲಿ ಒಂದೇ ಗೊಂಬೆ ತರಬಹುದು ಅಂದಾಗ ಹುಡುಗಿ ತಪ್ಪು ಗೊಂಬೆ ಆರಿಸಿಕೊಂಡು ಬರುತ್ತಾಳೆ. ಅಷ್ಟೇ. ಅದರಲ್ಲಿ ರಕ್ತ ಇಲ್ಲ. ಆದರೂ ನನಗೆ ಗಂಟಲು ಕಟ್ಟಿತು. 11-12ರ ಮಕ್ಕಳಿಗೂ ಓದಿಸಬಹುದು.

ಇಲ್ಲಿ ಕಾವೇರಿ ಸೇತುವೆ ದಾಟಿದರೆ ಬೈಲಕುಪ್ಪೆ, ಟಿಬೆಟ್ ನಿರಾಶ್ರಿತರ ಊರು. ಟೂರಿಸ್ಟರಿಗೆ ಅದು ಗೋಲ್ಡನ್ ಟೆಂಪಲ್ ಮತ್ತು ಮೊಮೊ. ನನ್ನ ಜೊತೆ ಓದಿದ ಒಬ್ಬನ ಅಜ್ಜಿ ಟಿಬೆಟ್‌ನಿಂದ ನಡೆದು ಬಂದವರು. ಅವರ ಮಂಚದ ಕೆಳಗೆ ಒಂದು ಬಟ್ಟೆ ಗಂಟು ಯಾವಾಗಲೂ ಕಟ್ಟಿ ಇಟ್ಟಿರುತ್ತಿತ್ತು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಅಜ್ಜಿ ಎಲ್ಲಿಗೋ ಟೂರ್ ಹೊರಟಿದ್ದಾರೆ ಅಂತ. ಕೆರ್ ಪುಸ್ತಕ ಓದಿದ್ದು ಕಾಲೇಜಿಗೆ ಬಂದ ಮೇಲೆ. ಆ ಗಂಟು ನೆನಪಾಗಿ ನಾಚಿಕೆಯಾಯಿತು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟು ಬಂದ ಮಕ್ಕಳು ನಿಮ್ಮ ಗುಂಪಿನಲ್ಲೂ ಇರಬಹುದು. ಮಳೆಯೂ ಸರ್ವಾಧಿಕಾರಿಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತು ನಿಮಿಷದಲ್ಲಿ ಏನು ಎತ್ತಿಕೊಳ್ಳಬೇಕು, ಏನು ಬಿಡಬೇಕು ಅನ್ನುವುದು ಅವರಿಗೆ ಗೊತ್ತು. ಅವರನ್ನೇ ಕೇಳಿ ನೋಡಿ.

---

ಪೇಪರ್‌ಹುಳ

ಒಂದು ಪುಸ್ತಕದ ಬಗ್ಗೆ ಎಚ್ಚರಿಕೆ. ಜಾನ್ ಬಾಯ್ನ್ 2006ರಲ್ಲಿ ಬರೆದ ಪಟ್ಟೆ ಪೈಜಾಮದ ಹುಡುಗನ ಕಾದಂಬರಿ. ಸಿನಿಮಾ ಕೂಡ ಬಂತು, ಎಲ್ಲರೂ ಅದನ್ನೇ ಮೊದಲು ಕೊಡುತ್ತಾರೆ. 2020ರಲ್ಲಿ ಆಶ್ವಿಟ್ಸ್ (ಹಿಟ್ಲರನವರ ಕೊಲೆ ಕ್ಯಾಂಪ್ ಇದ್ದ ಜಾಗ) ಮ್ಯೂಸಿಯಂನವರೇ ಹೇಳಿದರು, ಈ ಇತಿಹಾಸ ಓದುವವರು, ಕಲಿಸುವವರು ಆ ಪುಸ್ತಕವನ್ನು ದೂರ ಇಡಬೇಕು ಅಂತ. ಯಾಕೆಂದರೆ ಕ್ಯಾಂಪಿನ ಅಧಿಕಾರಿಯ ಒಂಬತ್ತು ವರ್ಷದ ಮಗನಿಗೆ ಏನೂ ಗೊತ್ತಿಲ್ಲ ಅಂತ ಅಲ್ಲಿ ತೋರಿಸಿದ್ದಾರೆ. ನಿಜದಲ್ಲಿ ಆ ಮಕ್ಕಳಿಗೆ ಶಾಲೆಯಲ್ಲಿ ದಿನಾ ತುಂಬುತ್ತಿದ್ದದ್ದೇ ಯೆಹೂದಿ ದ್ವೇಷ. ಕ್ಯಾಂಪಿಗೆ ಬಂದ ಆ ವಯಸ್ಸಿನ ಯೆಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ದಿನವೇ ಕೊಲ್ಲುತ್ತಿದ್ದರು. ಕಥೆಯಲ್ಲಿರುವ ಹಾಗೆ ಇಬ್ಬರು ಹುಡುಗರು ಬೇಲಿಯ ಆಚೀಚೆ ದಿನಾ ಕೂತು ಮಾತಾಡುವ ಮಾತೇ ಇಲ್ಲ.

ಓದಿ ಅತ್ತವರಲ್ಲಿ ನಾನೂ ಒಬ್ಬ. ಈಗ ಯಾರಿಗೂ ಕೊಡುವುದಿಲ್ಲ.

---

ಗೋಣಿಕೊಪ್ಪ ಟೀಚರ್

ಶಾಲೆಯಲ್ಲಿ ತುಂಬುವುದು ಅಂದಿರಲ್ಲ, ಆಗಿನ ಗಣಿತದ ಪುಸ್ತಕದಲ್ಲೂ ಇತ್ತು. ಮಾನಸಿಕ ಕಾಯಿಲೆ ಇದ್ದವರನ್ನು ನೋಡಿಕೊಳ್ಳಲು ಸರ್ಕಾರಕ್ಕೆ ಇಷ್ಟು ಖರ್ಚು, ಆ ದುಡ್ಡಿನಲ್ಲಿ ಎಷ್ಟು ಮನೆ ಕಟ್ಟಬಹುದು, ಲೆಕ್ಕ ಮಾಡಿ. ಮಗು ಲೆಕ್ಕ ಮಾಡುತ್ತದೆ. ಉತ್ತರ ಸರಿ ಬಂದರೆ ಅಂಕ. ಕೆಲವು ವರ್ಷಗಳಲ್ಲಿ ಅಂಥ ರೋಗಿಗಳನ್ನೇ ಕೊಲ್ಲಲು ಶುರು ಮಾಡಿದರು. ನಾನು ಗಣಿತ ಹೇಳಿಕೊಡುವವಳು. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

---

ಸೋಮವಾರಪೇಟೆ ಅಜ್ಜ

ನನಗೆ 74. ಮೊಮ್ಮಗ ಕನ್ನಡ ಟೈಪಿಂಗ್ ಹಾಕಿಕೊಟ್ಟಿದ್ದಾನೆ, ತಪ್ಪಿದ್ದರೆ ಕ್ಷಮಿಸಿ.

ಪುಸ್ತಕದಲ್ಲಿ ಓದುವುದೇ ಬೇಕಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ನಾನು ಒಂದು ಕಚೇರಿಯಲ್ಲಿ ಹೊಸ ಗುಮಾಸ್ತ. ಮರುದಿನ ಬೆಂಗಳೂರಿನಲ್ಲೇ ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದರು. ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟವು. ನಾವು ಆ ಖಾಲಿ ಜಾಗ ನೋಡಿ ಪುಟ ತಿರುಗಿಸಿದೆವು.

ನಿಜ ಹೇಳುತ್ತೇನೆ, ನಮಗೆ ಅದು ಇಷ್ಟವಾಗಿತ್ತು. ಎಲ್ಲರೂ ಹತ್ತೂವರೆಗೆ ಸರಿಯಾಗಿ ಸೀಟಿನಲ್ಲಿ. ಮುಷ್ಕರ ಇಲ್ಲ, ಗಲಾಟೆ ಇಲ್ಲ. ರೈಲು ಸರಿಯಾದ ಸಮಯಕ್ಕೆ ಬರುತ್ತದೆ ಅಂತ ನಾನೇ ಊರೆಲ್ಲ ಹೊಗಳಿಕೊಂಡು ತಿರುಗಿದ್ದೇನೆ. ಕೊಡಗಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ನಾನು ಅಲ್ಲಿಯವರೆಗೆ ರೈಲು ಹತ್ತಿದ್ದು ಒಂದೇ ಸಲ.

ಸಂತಾನ ಹರಣ ಚಿಕಿತ್ಸೆಗೆ ಜನ ಹಿಡಿದು ತರಬೇಕು ಅಂತ ಬಂದಾಗ ಸ್ವಲ್ಪ ಬಿಸಿ ತಟ್ಟಿತು. 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಮಾಡಿದರು ಅಂತ ಆಮೇಲೆ ತುರ್ತು ಪರಿಸ್ಥಿತಿಯ ತನಿಖೆ ಮಾಡಿದ ಶಾ ಆಯೋಗದ ವರದಿಯಲ್ಲಿ ಬಂತು. ಬೆಂಗಳೂರು ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಒದ್ದಾಡಿದರು. 1977ರ ಜನವರಿಯಲ್ಲಿ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಹೋದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಬೇಡಿ.

ಒಂದು ಮಾತ್ರ ಆಗಲೇ ಗೊತ್ತಿತ್ತು. ನಮ್ಮ ಕಚೇರಿಯಲ್ಲೇ ಒಬ್ಬ ಇದ್ದ, ನನ್ನ ಜೊತೆ ಇಸ್ಪೀಟು ಆಡುವವನು. ಒಂದು ದಿನ ಬರಲಿಲ್ಲ. ಹಿಡಿದುಕೊಂಡು ಹೋಗಿದ್ದಾರೆ ಅಂದರು. ಅವನ ಮನೆ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿತ್ತು. ಎಂಟು ತಿಂಗಳು ನಾನು ಸಂತೆಮಾಳದ ಮೇಲೆ ಸುತ್ತು ಹಾಕಿಕೊಂಡು ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರೆ ಏನು ಮಾತಾಡುವುದು ಅಂತ. ಯಾರೂ ನನಗೆ ಆ ದಾರಿಯಲ್ಲಿ ಹೋಗಬೇಡ ಅಂತ ಹೇಳಿರಲಿಲ್ಲ.

---

ಹಾಲೇರಿ ಪಕ್ಕದವನು

ಅಜ್ಜ, ನಿಮ್ಮ ಮಾತಿಗೆ ಎದುರಾಡುತ್ತಿಲ್ಲ. ಆದರೆ ತುರ್ತು ಪರಿಸ್ಥಿತಿ ಮತ್ತು ಹಿಟ್ಲರನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಇಲ್ಲಿ 1977ರಲ್ಲಿ ಚುನಾವಣೆ ಆಯಿತು, ಸೋತವರು ಇಳಿದು ಹೋದರು.

---

ಸೋಮವಾರಪೇಟೆ ಅಜ್ಜ

ಒಂದೇ ಅಂತ ನಾನೆಲ್ಲಿ ಹೇಳಿದೆ ಮಗಾ. ಇನ್ನೂ ಕೇಳು. ದೇಶವೆಲ್ಲ ಸೋಲಿಸಿದರೂ ಕರ್ನಾಟಕದ 28ರಲ್ಲಿ 26 ಸೀಟು ಆಗಲೂ ಇಂದಿರಾ ಗಾಂಧಿಯ ಪಕ್ಷಕ್ಕೇ. ಮರುವರ್ಷ ಚಿಕ್ಕಮಗಳೂರಿನವರು ಉಪಚುನಾವಣೆಯಲ್ಲಿ ಆಕೆಯನ್ನು ಗೆಲ್ಲಿಸಿ ಕಳಿಸಿದರು. ನಮ್ಮವರಿಗೆ ಅಷ್ಟೊಂದು ನೋವಾಗಿರಲಿಲ್ಲ ಅಂತ ಹೇಳಿದೆ ಅಷ್ಟೆ. ಸುತ್ತು ಹಾಕಿಕೊಂಡು ಹೋದವನಿಗೂ ನೋವಾಗಲ್ಲ, ಕಾಲು ನೋಯುತ್ತೆ.

---

ಹತ್ತನೇ ಕ್ಲಾಸ್

ನಾನು ಆ ಜಗಲಿಯಲ್ಲಿ ಕೂರೋ ಆರು ಜನರಲ್ಲಿ ಒಬ್ಬ. ಇಲ್ಲಿ ದೊಡ್ಡವರೆಲ್ಲ ನಮಗೆ ಏನು ಓದಿಸಬೇಕು ಅಂತ ಮಾತಾಡ್ತಾ ಇದ್ದೀರಿ. ನಮ್ಮನ್ನೂ ಒಂದು ಮಾತು ಕೇಳಬಹುದಿತ್ತು.

ನನಗೆ ಹಿಡಿಸಿದ್ದು ಹೆಲ್ಮುತ್ ಹ್ಯೂಬೆನರ್ ಕಥೆ, ಕಾಫಿಕಣ ಅಂಕಲ್ ಮಧ್ಯದಲ್ಲಿ ಹೇಳಿದ್ದು. ಅದು ಕಾದಂಬರಿ ಅಲ್ಲ, ನಡೆದದ್ದು. ಹ್ಯಾಂಬರ್ಗ್ ಹುಡುಗ. ರೇಡಿಯೋದಲ್ಲಿ ಕದ್ದು ಬಿಬಿಸಿ ಕೇಳಿ, ಅದನ್ನು ಟೈಪ್ ಮಾಡಿ, ಊರೆಲ್ಲ ಹಂಚುತ್ತಿದ್ದ. ಜೊತೆಗೆ ಇಬ್ಬರು ಮೂವರು ಫ್ರೆಂಡ್ಸ್. ಕೆಲಸ ಮಾಡೋ ಕಡೆಯವನೇ ಒಬ್ಬ ಹಿಡಿದುಕೊಟ್ಟ. 1942ರ ಅಕ್ಟೋಬರ್ 27ಕ್ಕೆ ತಲೆ ಕಡಿದರು. 17 ವರ್ಷ. ನನಗಿಂತ ಎರಡೇ ವರ್ಷ ದೊಡ್ಡವನು.

ಅದನ್ನು ಕೇಳಿ ಎಲ್ಲರೂ "ನಾನೂ ಹಂಗೇ ಮಾಡ್ತಿದ್ದೆ" ಅಂದರು. ನಾನು ಅನ್ನಲಿಲ್ಲ. ನಮ್ಮ ಕ್ಲಾಸಲ್ಲಿ ಒಬ್ಬನನ್ನು ಎಲ್ಲರೂ ಸೇರಿ ರೇಗಿಸಿದಾಗ ನಾನು ಬ್ಯಾಗ್ ಜಿಪ್ ಹಾಕ್ತಾ ಇರ್ತೀನಿ. ಜಿಪ್ ಹಾಕೋಕೆ ಅಷ್ಟು ಹೊತ್ತು ಬೇಕಾಗಿಲ್ಲ.

---

ಗೋಣಿಕೊಪ್ಪ ಟೀಚರ್

ನೀನು ಯಾವ ಶಾಲೆ ಅಂತ ಕೇಳಲ್ಲ ಮಗು. ಬರೆದದ್ದು ಒಳ್ಳೆಯದಾಯಿತು.

---

ಹೊಳೆಯಾಚೆ (ಕುಶಾಲನಗರ)

ಮುಂದಿನದಕ್ಕೆ ಜರ್ಮನಿ ಬಿಟ್ಟು ಬೇರೆ ದೇಶ ಹಿಡಿಯಿರಿ. ಸರ್ವಾಧಿಕಾರ ಅಂದರೆ ಹಿಟ್ಲರ್ ಮಾತ್ರ ಅಂತ ಆಗಬಾರದು. ರೂಟಾ ಸೆಪೆಟಿಸ್ ಅವರು ಸ್ಟಾಲಿನ್ ಕಾಲದ ಲಿಥುವೇನಿಯಾ, ಫ್ರಾಂಕೋನ ಸ್ಪೇನ್, ರೊಮೇನಿಯಾ ಎಲ್ಲದರ ಮೇಲೂ ಹದಿಹರೆಯದವರಿಗೆ ಅಂತಲೇ ಬರೆದಿದ್ದಾರೆ. ರೊಮೇನಿಯಾದ್ದು ನಿಮ್ಮ ಜಗಲಿಗೆ ಸರಿಹೊಂದುತ್ತೆ. ಅಲ್ಲಿ 1980ರ ದಶಕದಲ್ಲಿ ಸರ್ವಾಧಿಕಾರಿ ಚೌಷೆಸ್ಕು ದೇಶದ ಸಾಲ ತೀರಿಸಬೇಕು ಅಂತ ಮನೆಗಳ ಕರೆಂಟು ಕಡಿಮೆ ಮಾಡಿದ. ಟಿವಿ ದಿನಕ್ಕೆ ಎರಡು ಗಂಟೆ. 1983ರಿಂದ ಟೈಪ್‌ರೈಟರ್ ಇಟ್ಟುಕೊಂಡವರು ಪೊಲೀಸರಲ್ಲಿ ನೋಂದಾಯಿಸಬೇಕಿತ್ತು. ಯಾರು ಏನು ಬರೆದರು ಅಂತ ಅಕ್ಷರದ ಅಚ್ಚು ನೋಡಿ ಹಿಡಿಯಲು. ಇಲ್ಲಿ ಕರೆಂಟು ತೆಗೆಯೋದು ಮರ, ಅಲ್ಲಿ ತೆಗೆಯುತ್ತಿದ್ದದ್ದು ಸರ್ಕಾರ.

---

ಕಾಫಿಕಣ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಕೂತಿದ್ದೆವು. ಮದ್ದುಸೊಪ್ಪಿನ ಪಾಯಸ ಇತ್ತು, ಹಾಗಾಗಿ ಆರು ಮಕ್ಕಳು ಒಂಬತ್ತಾದರು.

ಓದುವ ಮೊದಲು ಮಗಳಿಗೆ ಹೇಳಿದೆ. ಹೌದು, ಅದು ನಾನು ಹೇಳೋ ಮಾತೇ. ಯಾವಾಗ ಕೇಳಿಸಿಕೊಂಡೆ ಅಂದೆ. ಅವಳು ಕಣ್ಣು ಮಿಟುಕಿಸದೆ ಹೇಳಿದಳು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಒಂದು ಎಸ್ಟೇಟಿನ ಲೈನ್‌ಮನೆಯಿಂದ ಒಬ್ಬಳು ಹೆಂಗಸು ರಾತ್ರಿ ನಮ್ಮ ಮನೆಗೆ ಬಂದಿದ್ದಳು. ಕುಯ್ಲಿನ ಕೂಲಿಯನ್ನು ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವನು) ಕೊಟ್ಟಿಲ್ಲ, ಕೇಳಿದ್ದಕ್ಕೆ ಮನೆ ಖಾಲಿ ಮಾಡಿ ಅಂದಿದ್ದಾನೆ, ನೀವು ಒಂದು ಮಾತು ಹೇಳಿ ಅಂತ. ನಾನು ಅವಳಿಗೆ ಅಕ್ಕಿ ಕೊಟ್ಟು ಕಳಿಸಿದೆ. ಒಳಗೆ ಬಂದು ಹೆಂಡತಿ ಹತ್ತಿರ ಆ ಮಾತು ಹೇಳಿದೆ. ಅಕ್ಕಿ ಕೊಟ್ಟದ್ದು ನನಗೆ ನೆನಪಿತ್ತು. ಮಾತು ನೆನಪಿರಲಿಲ್ಲ. ಮಗಳಿಗೆ ಅಕ್ಕಿ ನೆನಪಿಲ್ಲ.

ಮಕ್ಕಳ ಮುಂದೆ ಅದನ್ನೇ ಹೇಳಿದೆ. ಯಾರೂ ನಗಲಿಲ್ಲ. ಆಮೇಲೆ ಎರಡು ಅಧ್ಯಾಯ ಓದಿದೆವು.

ಸೋಮವಾರಪೇಟೆ ಅಜ್ಜ, ನೀವು ಮುಂದಿನ ಭಾನುವಾರ ಬರಬೇಕು. ಸಂತೆಮಾಳದ ಕಥೆ ನಿಮ್ಮ ಬಾಯಿಂದಲೇ ಆಗಲಿ. ಮಾದಾಪುರದವರೆಗೆ ಬಂದರೆ ಜೀಪು ಕಳಿಸುತ್ತೇನೆ.

---

ಸೋಮವಾರಪೇಟೆ ಅಜ್ಜ

ಬರುತ್ತೇನೆ. ಸಕ್ಕರೆ ಇದೆ, ಪಾಯಸ ಬೇಡ. ಸ್ವಲ್ಪ ಕೊಟ್ಟರೆ ತಿನ್ನುತ್ತೇನೆ.

---

ಕಾಫಿಕಣ

ಇದು ಮಗಳು. ಅಪ್ಪ ಫೋನ್ ಚಾರ್ಜಿಗೆ ಇಟ್ಟು ತೋಟಕ್ಕೆ ಹೋಗಿದ್ದಾರೆ. ಮುಂದಿನ ಅಧ್ಯಾಯ ನಾನು ಕದ್ದು ಓದಿಬಿಟ್ಟೆ. ಹುಡುಗ ಸಮವಸ್ತ್ರ ಹಾಕಿಕೊಂಡೇ ಆ ಅಂಗಡಿಗೆ ಹೋಗ್ತಾನೆ, ಪೆಪ್ಪರ್‌ಮೆಂಟ್ ತಗೊಳ್ಳೋಕೆ. ಅಂಗಡಿಯವರು ಅವನನ್ನು ನೋಡಿ ಒಳಗಿಂದ ಚಿಲಕ ಹಾಕಿಕೊಳ್ತಾರೆ. ಅವನಿಗೆ ಯಾಕೆ ಅಂತ ಅರ್ಥ ಆಗಲ್ಲ. ಭಾನುವಾರದವರೆಗೆ ಅಪ್ಪನಿಗೆ ಯಾರೂ ಹೇಳಬೇಡಿ.